ಕಾಲುವೆಯ ಲೆಕ್ಕ: ಕ್ಷಣಕ್ಷಣಕ್ಕೋ, ತಿಂಗಳಿಗೊಮ್ಮೆಯೋ?

ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರಗಳ ಹೊಲಗಳಿಗೆ ಕೃಷ್ಣೆಯ ನೀರು ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ಮೂಲಕ ಹರಿದುಬರುತ್ತದೆ. ಈ ಕಾಲುವೆಯ ಗೇಟುಗಳಿಗೆ ‘ಸ್ಕಾಡಾ’ ಎಂಬ ದೂರನಿಯಂತ್ರಣ ವ್ಯವಸ್ಥೆಯನ್ನು ಅಳವಡಿಸಲಾಗಿದೆ. ಮಾಪಕಗಳು ನೀರಿನ ಮಟ್ಟವನ್ನು ಅಳೆದು ದೂರದ ಗಣಕಕ್ಕೆ ತಿಳಿಸುತ್ತವೆ. ಇಂಥ ಅಳತೆಗಳನ್ನು ತಂತ್ರಾಂಶವು ಬಂದ ಕ್ಷಣದಲ್ಲಿಯೇ ವಿಶ್ಲೇಷಿಸಬೇಕೆ, ಇಲ್ಲವೆ ಕೂಡಿಟ್ಟು ತಿಂಗಳಿಗೊಮ್ಮೆ ವರದಿ ಮಾಡಿದರೆ ಸಾಕೆ?

ಉತ್ತರವನ್ನು ನಾವು ಎರಡು ಕಾಲಾವಧಿಗಳಲ್ಲಿ ಹುಡುಕಬೇಕು. ಅಳೆಯುವ ಪರಿಮಾಣವು ಎಷ್ಟು ಬೇಗ ಬದಲಾಗುತ್ತದೆ? ಬದಲಾವಣೆಯನ್ನು ತಿಳಿದ ಮೇಲೆ ನಾವು ಎಷ್ಟು ಬೇಗ ಕ್ರಮ ಕೈಗೊಳ್ಳಬಲ್ಲೆವು? ಕಾಲುವೆಯ ಮಟ್ಟ ಕೆಲವೇ ಗಂಟೆಗಳಲ್ಲಿ ಏರಬಹುದು. ಗೇಟನ್ನು ಅದಕ್ಕಿಂತ ಬೇಗ ಇಳಿಸಬಹುದು. ಇಲ್ಲಿ ತಿಂಗಳ ವರದಿಗಾಗಿ ಕಾದರೆ ಅಷ್ಟರೊಳಗೆ ದಂಡೆ ಒಡೆದು ಬೆಳೆ ಮುಳುಗಿರಬಹುದು.

ಆದರೆ ಕಾಲುವೆಯ ಕೊನೆಯ ಹೊಲಕ್ಕೆ ನ್ಯಾಯವಾದ ಪಾಲು ದೊರೆಯಿತೆ ಎಂಬುದನ್ನು ಒಂದು ಕ್ಷಣದ ಅಂಕಿ ಹೇಳಲಾರದು. ಗಾಳಿಯೆಬ್ಬಿಸಿದ ಅಲೆಗೂ ಅದು ಏರಿಳಿಯುತ್ತದೆ. ಇಡೀ ಹಂಗಾಮಿನ ಹರಿವನ್ನು ಕೂಡಿಸಿ, ಮಾಪಕದ ದೋಷಗಳನ್ನು ತಿದ್ದಿ, ಮತ್ತೆ ಬದಲಾಗದಂತೆ ಬರೆದಿಟ್ಟ ವರದಿಯೇ ಅದಕ್ಕೆ ಬೇಕು. ಅಲ್ಲದೆ ಸತತ ವಿಶ್ಲೇಷಣೆಗೆ ತಡೆಯಿಲ್ಲದ ವಿದ್ಯುತ್ತೂ ಸಂಪರ್ಕವೂ ಬೇಕಾಗಿ, ವೆಚ್ಚ ಹೆಚ್ಚುತ್ತದೆ.

ಆದುದರಿಂದ ತೀರ್ಮಾನವು ಕಾಯಲಾರದಾದರೆ ತತ್‌ಕ್ಷಣದ ವಿಶ್ಲೇಷಣೆ, ಕಾಯಬಲ್ಲುದಾದರೆ ವರದಿ. ಕಾಲುವೆಗಾದರೋ ಎರಡೂ ಬೇಕು: ಗೇಟಿಗೆ ಮೊದಲನೆಯದು, ಹಂಚಿಕೆಯ ನ್ಯಾಯಕ್ಕೆ ಎರಡನೆಯದು.