ಕಿಟಕಿಯಲ್ಲಿ ನಿಂತ ರಾಣಿ

ಇಸ್ರೇಲ್ ರಾಜ್ಯದ ಇಜ್ರೇಲ್ ಪಟ್ಟಣದ ಅರಮನೆ, ಕಾಲ, ಕ್ರಿ. ಪೂ. 841ರ ಸುಮಾರು. ರಾಜಮಾತೆಯೊಬ್ಬಳು ಕಣ್ಣಿಗೆ ಕಾಡಿಗೆ ತೀಡಿ, ಮುಡಿಯನ್ನು ಸಿಂಗರಿಸಿಕೊಂಡು ಕಿಟಕಿಯ ಬಳಿ ಬಂದು ನಿಂತಳು. ಮಗ ಯೋರಾಮ ಅರಸನು ಆಗತಾನೆ ಬಾಣಕ್ಕೆ ಬಲಿಯಾಗಿದ್ದನು. ಅವನನ್ನು ಕೊಂದ ಸೇನಾನಿ ಯೇಹು ಊರಬಾಗಿಲನ್ನು ಹೊಗುತ್ತಿದ್ದನು. ಮುಂದಿನ ಸರದಿ ತನ್ನದೆಂದು ಆಕೆ ಅರಿಯಳೆ?

ಆಕೆಯೇ ಈಜೆಬೆಲ್, ಇಂಗ್ಲಿಷಿನಲ್ಲಿ ನಿರ್ಲಜ್ಜ ಹೆಣ್ಣಿಗೆ ಪರ್ಯಾಯಪದವಾಗಿ ಉಳಿದ ಹೆಸರು.

ಫೆನಿಷಿಯದ ಸೀದೋನ್ಯರ ಅರಸ ಎತ್ಬಾಳನ ಮಗಳಾದ ಈಕೆ ಇಸ್ರೇಲಿನ ಅಹಾಬನ ಕೈಹಿಡಿದು ಬಂದವಳು. ರಾಜಕಾರಣ ಬೆಸೆದ ಮದುವೆ ಅದು. ತವರಿನ ಬಾಳದೇವನ ಆರಾಧನೆಯೂ ಜೊತೆಯಲ್ಲಿ ಬಂದಿತು. ಯೆಹೋವನ ಪ್ರವಾದಿಗಳನ್ನು ಆಕೆ ಕೊಲ್ಲಿಸಿದಳು. ಪ್ರವಾದಿ ಎಲೀಯನು ಬಾಳನ 450 ಪ್ರವಾದಿಗಳನ್ನು ಕೀಷೋನ್ ಹಳ್ಳದಲ್ಲಿ ವಧಿಸಿದನು. ರಕ್ತದ ಲೆಕ್ಕ ಹಿಡಿದರೆ ಯಾವ ಪಕ್ಷವೂ ಶುಚಿಯಲ್ಲ.

ಆದರೆ ನಾಬೋತನ ಪ್ರಕರಣಕ್ಕೆ ಸಮಾಧಾನವೇ ಇಲ್ಲ. ಅರಮನೆಯ ಮಗ್ಗುಲಲ್ಲಿದ್ದ ಅವನ ದ್ರಾಕ್ಷಿಯ ತೋಟವನ್ನು ಕಾಯಿಪಲ್ಯ ಬೆಳೆಯಲೆಂದು ಅಹಾಬನು ಬಯಸಿದನು. ಪಿತ್ರಾರ್ಜಿತ ಭೂಮಿಯನ್ನು ಕೊಡಲಾರೆನೆಂದ ನಾಬೋತ. ಕ್ರಿ. ಪೂ. 853ರಲ್ಲಿ ಅಸ್ಸೀರಿಯರ ವಿರುದ್ಧ 2000 ರಥಗಳನ್ನು ನಿಲ್ಲಿಸಿದನೆಂದು ಶತ್ರುಗಳ ಶಾಸನವೇ ಹೇಳುವ ಈ ಅರಸ, ಊಟ ಬಿಟ್ಟು, ಮೋರೆ ತಿರುಗಿಸಿ ಹಾಸಿಗೆ ಹಿಡಿದನಂತೆ! ರಾಣಿ ಗಂಡನ ಹೆಸರಿನಲ್ಲಿ ಊರ ಹಿರಿಯರಿಗೆ ಪತ್ರ ಬರೆದು, ಅವನದೇ ಮುದ್ರೆಯೊತ್ತಿದಳು. ನಾಬೋತನು ದೇವರನ್ನೂ ಅರಸನನ್ನೂ ದೂಷಿಸಿದನೆಂದು ಇಬ್ಬರು ಕಳ್ಳಸಾಕ್ಷಿ ನುಡಿದರು; ಜನ ಅವನನ್ನು ಕಲ್ಲೆಸೆದು ಕೊಂದರು. ತೋಟ ಅರಮನೆಗೆ ಸೇರಿತು. ಈಜೆಬೆಲಳನ್ನು ನಾಯಿಗಳು ತಿನ್ನುವುವೆಂದು ಎಲೀಯನು ನುಡಿದದ್ದು ಆಗಲೇ.

ಲೋಕ ಆಕೆಯನ್ನು ನೆನೆಯಬೇಕಾದದ್ದು ಆ ಮುದ್ರೆಗಾಗಿ. ನೆನೆದದ್ದು ಕಾಡಿಗೆಗಾಗಿ! ಬೈಬಲಿನ ಅರಸುಗಳ ಚರಿತ್ರೆಯಲ್ಲಿ ಗಂಡನ ಹೊರತು ಪರಪುರುಷನೊಬ್ಬನ ಹೆಸರೂ ಆಕೆಯೊಡನೆ ಬರುವುದಿಲ್ಲ. ಅನ್ಯದೈವದ ಪೂಜೆಯನ್ನು ವ್ಯಭಿಚಾರವೆನ್ನುವುದು ಇಸ್ರೇಲಿನ ಪ್ರವಾದಿಗಳ ವಾಡಿಕೆ. ಯೇಹು ಆ ಬೈಗುಳನ್ನು ಆಕೆಯ ಮೇಲೆ ಎಸೆದನು. ಮುಂದಿನವರು ಅದನ್ನು ಅಕ್ಷರಶಃ ಹಿಡಿದರು.

ಮಗನನ್ನು ಕೊಂದವನನ್ನು ಒಲಿಸಿಕೊಳ್ಳಲು ಸಿಂಗರಿಸಿಕೊಂಡವಳ ಮಾತು ಹಾಗಿರುತ್ತಿರಲಿಲ್ಲ. ಕಿಟಕಿಯಿಂದ ಆಕೆ ಯೇಹುವನ್ನು ಕರೆದದ್ದು ಜಿಮ್ರಿಯೆಂದು. ಒಡೆಯನನ್ನು ಕೊಂದು ಏಳೇ ದಿನ ಆಳಿ ಸತ್ತ ದ್ರೋಹಿಯ ಹೆಸರು ಅದು.

ಯೇಹು ತಲೆಯೆತ್ತಿ ಆಜ್ಞಾಪಿಸಿದನು. ಅಂತಃಪುರದ ಕಂಚುಕಿಗಳೇ ಆಕೆಯನ್ನು ಕೆಳಕ್ಕೆ ದೂಡಿದರು, ಕುದುರೆಗಳು ತುಳಿದುವು. ಅವನು ಒಳಹೊಕ್ಕು ಉಂಡು ಕುಡಿದ ಮೇಲೆ, ಎಷ್ಟಾದರೂ ಅರಸುಮಗಳಲ್ಲವೇ, ಹೂಳಿರೆಂದು ಆಳುಗಳನ್ನು ಕಳುಹಿದನು. ಅವರಿಗೆ ದೊರೆತದ್ದು ತಲೆಬುರುಡೆ, ಪಾದಗಳು, ಎರಡು ಅಂಗೈ.