ಗೆರೆಯಾಚೆಯ ತವರು

ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಒಂದು ಕಾಲಕ್ಕೆ ಈ ಅರ್ಧ ಗಂಟೆಯಲ್ಲಿ ಸರ್ಕಾರವೇ ಬದಲಾಗುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಹೆಣ್ಣು ಕೊಟ್ಟು ತರುವವರು ಮಾತ್ರ ಈ ಗೆರೆಯನ್ನು ಲೆಕ್ಕಕ್ಕೆ ಇಡಲಿಲ್ಲ. ಹೊಲದ ಕಂದಾಯ ಯಾವ ಸರ್ಕಾರಕ್ಕೆ ಎಂದು ಕೇಳುವವರಿದ್ದರು. ಸೋದರಮಾವನ ಮನೆ ಯಾವ ಸರ್ಕಾರದಲ್ಲಿದೆ ಎಂದು ಯಾರು ಕೇಳುತ್ತಾರೆ? ಹಬ್ಬಕ್ಕೆ ತವರಿಗೆ ಹೊರಟ ಹೆಣ್ಣುಮಗಳು ಮೈಸೂರು ಸಂಸ್ಥಾನ ಬಿಟ್ಟು ಮದ್ರಾಸ್ ಪ್ರಾಂತ್ಯಕ್ಕೆ ಹೋಗಿ, ಮಡಿಲು ತುಂಬಿಸಿಕೊಂಡು ಮರಳುತ್ತಿದ್ದಳು.

1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು. ಒಂದು ಗೆರೆ ಅಳಿಸಿತು, ಇನ್ನೊಂದು ಬಿತ್ತು. ತಾಳವಾಡಿ ಸುತ್ತಲಿನ ಕನ್ನಡದ ಹಳ್ಳಿಗಳು ಆಚೆಯೇ ಉಳಿದವು. ಅಲ್ಲಿನವರಿಗೆ ಇಂದಿಗೂ ಚಾಮರಾಜನಗರಕ್ಕೆ ಬಂದುಹೋಗುವುದೇ ಸಲೀಸು. ತಮ್ಮದೇ ರಾಜ್ಯದ ಸತ್ಯಮಂಗಲ ಮುಟ್ಟಬೇಕೆಂದರೆ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕು.

ಈ ಗೆರೆಯ ಎರಡೂ ಬದಿಗೆ ಸೇರಿದ ಒಂದು ಮನೆತನವನ್ನು ಕನ್ನಡನಾಡೆಲ್ಲ ಬಲ್ಲದು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜು, ಮುತ್ತತ್ತಿರಾಯನ ಹೆಸರು ಹೊತ್ತವರು, ಮುಂದೆ ರಾಜ್‌ಕುಮಾರ್ ಆದವರು. ಹೆಸರಿನ ಹಿಂದಿರುವ ಸಿಂಗಾನಲ್ಲೂರು ಕೊಳ್ಳೇಗಾಲ ಸೀಮೆಯದು; ಕರುಳು ನೆಟ್ಟಿದ್ದ ಗಾಜನೂರು ತಾಳವಾಡಿ ಮಗ್ಗುಲಿನದು. ಅವರು ಹುಟ್ಟಿದ 1929ರಲ್ಲಿ ಎರಡೂ ಊರು ಒಂದೇ ಜಿಲ್ಲೆಯಲ್ಲಿದ್ದವು. ಅವರ ‘ಬೇಡರ ಕಣ್ಣಪ್ಪ’ ತೆರೆಕಂಡ 1954ರಲ್ಲೂ ಹಾಗೇ. ಎರಡು ವರ್ಷ ಕಳೆಯುವಷ್ಟರಲ್ಲಿ ಕನ್ನಡದ ನಾಯಕನಟನ ಊರಮನೆ ಬೇರೆ ರಾಜ್ಯದಲ್ಲಿ ಉಳಿದುಹೋಗಿತ್ತು! ಮದ್ರಾಸಿನಲ್ಲಿ ದುಡಿದರೂ ಬೆಂಗಳೂರಿನಲ್ಲಿ ನೆಲೆನಿಂತರೂ ರಾಜ್ ಗಾಜನೂರಿಗೆ ಹೋಗಿಬರುವುದನ್ನು ಬಿಡಲಿಲ್ಲ. ಕಾಡುಗಳ್ಳ ವೀರಪ್ಪನ್‌ಗೂ ಅದು ಗೊತ್ತಿತ್ತು. 2000ದ ಜುಲೈ 30ರ ರಾತ್ರಿ ಅವರನ್ನು ಕಾಡಿಗೆ ಕರೆದೊಯ್ದದ್ದು ಆ ಮನೆಯಿಂದಲೇ. ಬಿಡುಗಡೆಯಾದದ್ದು 108 ದಿನಗಳ ಮೇಲೆ, ನವೆಂಬರ್ 15ರಂದು.

ಗಾಜನೂರಿನಲ್ಲೇ ಬದುಕು ಕಳೆದ ಅವರ ತಂಗಿಯದು ಇನ್ನೊಂದು ಬಗೆಯ ಕಥೆ. 2021ರ ಅಕ್ಟೋಬರ್ 29ರಂದು ರಾಜ್ ಮಗ ಪುನೀತ್ (ಅಪ್ಪು) ತೀರಿಕೊಂಡಾಗ ಮನೆಯವರು ವಯಸ್ಸಾದ ಆ ಅತ್ತೆಗೆ ಸುದ್ದಿ ಮುಟ್ಟಿಸಲೇ ಇಲ್ಲ. ಅಪ್ಪು ಶೂಟಿಂಗಿಗೆಂದು ಹೊರದೇಶಕ್ಕೆ ಹೋಗಿದ್ದಾನೆ ಎಂದೇ ನಂಬಿಸಿದ್ದರು. ಅಣ್ಣನ ಮಗ ಯಾವಾಗ ಬರುತ್ತಾನೆ ಎಂದು ಕೇಳುತ್ತಿದ್ದ ಆ ಹಿರಿಜೀವ 2025ರ ಆಗಸ್ಟ್‌ನಲ್ಲಿ ಹೋಯಿತು. ಹಳ್ಳಿಯ ದೊಡ್ಡ ಕುಟುಂಬಗಳಲ್ಲಿ ಇಂಥ ಸುಳ್ಳು ಹೊಸದಲ್ಲ. ಮುಂಬೈಗೋ ದುಬೈಗೋ ಹೋಗಿ ಬಾರದೇ ಹೋದವರ ಪರವಾಗಿ ಎಷ್ಟೋ ಮನೆಗಳಲ್ಲಿ ಎಷ್ಟೋ ಜನ ಹೀಗೆ ‘ಮುಂದಿನ ಹಬ್ಬಕ್ಕೆ ಬರ್ತಾನಂತೆ’ ಎಂದಿದ್ದಾರೆ.

ವೀರಪ್ಪನ್ ಹುಟ್ಟೂರು ಗೋಪಿನಾಥಂ ಈಗ ಹನೂರು ತಾಲ್ಲೂಕಿಗೆ ಸೇರಿದೆ. 2002ರಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಕಾಮಗೆರೆಯ ಸ್ವಂತ ಮನೆಯಿಂದಲೇ ಅವನಿಂದ ಅಪಹರಣಕ್ಕೊಳಗಾಗಿ, ಮತ್ತೆ ಜೀವಂತ ಮರಳಲಿಲ್ಲ. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತ ಮೇಲೆಯೇ ಈ ಕಾಡಂಚಿನ ಊರುಗಳಿಗೆ ನೆಂಟರು ಹೊತ್ತು ನೋಡದೆ ಬಂದುಹೋಗುವಂತಾದದ್ದು. ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಒಕ್ಕಲಿಗೆ ಮಾತ್ರ ಇದಾವುದೂ ಅಡ್ಡಿಯಾಗಿರಲಿಲ್ಲವೇನೋ. ಕನಕಪುರ ಕಡೆಯವರು ಶಿವರಾತ್ರಿಗೆ ಸಂಗಮದಲ್ಲಿ ಕಾವೇರಿ ದಾಟಿ, ಕಾಡಿನ ನಡುವೆ ಬೆಟ್ಟಕ್ಕೆ ನಡೆದು ಬರುವ ರೂಢಿ ಇಂದಿಗೂ ಇದೆ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ‘ಮಾದೇವಾ’ ಎಂದು ಕೂಗಿ ನೋಡಿ, ಎಷ್ಟು ತಲೆ ತಿರುಗುತ್ತವೆ!

ಇಲ್ಲಿ ಬಿದ್ದ ಗೆರೆಗಳಲ್ಲೆಲ್ಲ ಗಡುಸಾದದ್ದು ಕಾಡಿನದು.

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಜೀವಿಧಾಮವಾಯಿತು. ಬೆಟ್ಟದೊಳಗೆ ಅಲ್ಲೊಂದು ಇಲ್ಲೊಂದು ಪೋಡು (ಹಾಡಿ) ಕಟ್ಟಿಕೊಂಡು, ರಾಗಿ ಚೆಲ್ಲಿ, ಜೇನು ಕಿತ್ತು ಬದುಕಿದ್ದ ಸೋಲಿಗ ಬುಡಕಟ್ಟಿನವರನ್ನು ಎಬ್ಬಿಸಿ ರಸ್ತೆ ಬದಿಗೆ, ಕಾಡಂಚಿಗೆ ತಂದು ಕೂರಿಸಲಾಯಿತು. ಬೇಟೆ ನಿಂತಿತು, ಕಾಡುಬೇಸಾಯ ನಿಂತಿತು. ಮನೆಯನ್ನು ಸಾಗಿಸಬಹುದು, ದೇವರನ್ನು ಸಾಗಿಸುವುದು ಹೇಗೆ? ಸೋಲಿಗರಲ್ಲಿ ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದೇ ಎಲ್ಲೆ ಉಂಟು. ಆ ಎಲ್ಲೆಯೊಳಗೆ ಒಂದು ದೇವರು, ಒಂದು ಮಾರಮ್ಮ, ವೀರು ಎಂಬ ಒಂದು ದೈವ, ನೀರಿನ ಅಬ್ಬಿ, ಸತ್ತ ಹಿರಿಯರ ಕಲ್ಲುಗುಡಿ. ಇವೆಲ್ಲ ಕಾಡಿನಲ್ಲೇ ಉಳಿದವು, ಒಕ್ಕಲು ಹೊರಗೆ ಬಂತು. ಹಾಗಾಗಿ ಸೋಲಿಗರು ಊರಿಗೆ ಹೋಗುವುದೆಂದರೆ ಈಗ ಮನುಷ್ಯರಿಲ್ಲದ ಊರಿಗೆ ಹೋಗುವುದು. ನೆಂಟರಲ್ಲಿ ಬಹುಪಾಲು ಕಲ್ಲು, ಮರ, ನೀರು.

ಈ ನೆಂಟಸ್ತಿಕೆಯನ್ನು ಅವರು ಮಾತಿಗೆ ಹೇಳುವುದಲ್ಲ. ಬೆಟ್ಟದ ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು, ಆದ್ದರಿಂದ ಅವರಿಗೆ ಅವನು ಭಾವ. ಬಯಲುಸೀಮೆಯವರು ಕೈಮುಗಿದು ನಿಲ್ಲುವಲ್ಲಿ ಇವರು ಭಾವನೊಡನೆ ಸಲುಗೆಯಿಂದ ಮಾತಾಡುತ್ತಾರೆ. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆಯಂತೂ ಅವರಿಗೆ ಮರವೇ ಅಲ್ಲ. ಹತ್ತಾರು ಜನ ಕೈಹಿಡಿದು ನಿಂತರೂ ತಬ್ಬಲಾಗದ ಆ ಹಳೆಯ ಸಂಪಿಗೆಯ ಗಂಟುಗಂಟಾದ ಬೇರುಗಳ ನಡುವೆ ಲಿಂಗದ ಕಲ್ಲುಗಳು, ನೆಟ್ಟ ತ್ರಿಶೂಲಗಳು. ಅವುಗಳ ಮೇಲೆಲ್ಲ ಅರಿಸಿನ, ಕುಂಕುಮ. ರೊಟ್ಟಿ ಹಬ್ಬದ ಹೊತ್ತಿಗೆ ಬೇರೆಬೇರೆ ಪೋಡುಗಳ ಕುಲದವರು ಸೇರಿ, ರಾಗಿಯ ರೊಟ್ಟಿ ಸುಟ್ಟು ಎಡೆ ಇಟ್ಟು, ಹಂಚಿ ತಿಂದು, ಗೊರುಕನ ಹಾಡುತ್ತ ಕುಣಿಯುತ್ತಾರೆ. ಹೆಣ್ಣು ಗಂಡು ನೋಡಿಕೊಳ್ಳುವುದು, ಹಳೆಯ ಜಗಳ ತೀರಿಸಿಕೊಳ್ಳುವುದು, ಯಾರ ಮನೆಯಲ್ಲಿ ಕೂಸು ಹುಟ್ಟಿತೆಂದು ತಿಳಿಯುವುದು, ಎಲ್ಲಕ್ಕೂ ಇಂಥ ಕೂಟವೇ ಜಾಗ.

ದಾರಿ ಮಾತ್ರ ಸುಲಭವಿಲ್ಲ. ಹಿಂದೆ ಬೇಸಿಗೆಗೆ ಮುಂಚೆ ಸೋಲಿಗರು ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಹಬ್ಬಿ ಕಾಲುದಾರಿಗಳನ್ನೆಲ್ಲ ನುಂಗಿತು ಎಂಬುದು ಹಿರಿಯರ ವಾದ. ಅಜ್ಜ ಓಡಾಡಿದ ಜಾಡು ಮೊಮ್ಮಗನಿಗೆ ಸಿಗುವುದಿಲ್ಲ. ಹೀಗಾಗಿ ಬಲ್ಲವರು ಬದುಕಿರುವಾಗಲೇ ಗುರುತು ಮಾಡಿಡಬೇಕೆಂದು ಸೋಲಿಗರೂ ಏಟ್ರೀ ಸಂಸ್ಥೆಯ ಸಂಶೋಧಕರೂ ಜೊತೆಯಾಗಿ ಜಿಪಿಎಸ್ ಹಿಡಿದು ಕಾಡು ಸುತ್ತಿದರು. ನಾನೂರಕ್ಕೂ ಹೆಚ್ಚು ನೆಲೆಗಳು ನಕ್ಷೆಗೆ ಬಂದವು.

2011 ವಿಚಿತ್ರ ವರ್ಷ. ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹದ ಜೊತೆಗೆ ದೇವರ ನೆಲೆಗಳಿಗೆ ಹೋಗಿಬರುವುದೂ ಹಕ್ಕಾಯಿತು. ತಾತನ ಕಲ್ಲಿಗೆ ಕೈಮುಗಿಯುವುದಕ್ಕೂ ಹಕ್ಕುಪತ್ರ ಬೇಕಾಯಿತೆ ಎಂದು ಹುಬ್ಬೇರಿಸಬಹುದು. ಪತ್ರವಿಲ್ಲದ ಮೂವತ್ತೇಳು ವರ್ಷವನ್ನು ಕಂಡವರು ಹುಬ್ಬೇರಿಸುವುದಿಲ್ಲ, ಅದನ್ನು ಟ್ರಂಕಿನೊಳಗೆ ಜೋಪಾನವಾಗಿ ಇಡುತ್ತಾರೆ.

ಹನೂರು ತಾಲ್ಲೂಕಿನ ಒಡೆಯರಪಾಳ್ಯದವರಿಗೆ ಹುಟ್ಟೂರಿನ ಗೆರೆ ಹಿಮಾಲಯದಾಚೆಗಿದೆ. 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗಾಗಿ 1970ರ ದಶಕದಲ್ಲಿ ಶುರುವಾದ ಧೋಂಡೆನ್‌ಲಿಂಗ್ ವಸತಿ ಇದು. ಇಲ್ಲಿನ ಹಳ್ಳಿಗಳಿಗೆ ಹೆಸರಿಲ್ಲ, ಇಂಗ್ಲಿಷಿನ ಅಕ್ಷರಗಳಿವೆ: ಎ ವಿಲೇಜ್, ಬಿ ವಿಲೇಜ್, ಹೀಗೆ. ಸುತ್ತಲೂ ಮುಸುಕಿನ ಜೋಳದ ಹೊಲ, ನಡುವೆ 1992ರಲ್ಲಿ ದಲೈ ಲಾಮಾ ಉದ್ಘಾಟಿಸಿದ ಜೋಗ್‌ಚೆನ್ ಮಠ. ಟಿಬೆಟಿಗೆ ಹೋಗಲಾರದ ಹಿರಿಯರು ಇಲ್ಲೇ ಮುಪ್ಪಾದರು. ಮಕ್ಕಳಿಗೆ ಇದೇ ಹುಟ್ಟೂರಾಯಿತು; ಅವರು ಇದನ್ನೂ ಬಿಟ್ಟು ಬೆಂಗಳೂರಿಗೆ, ಕೆನಡಾಕ್ಕೆ, ಅಮೆರಿಕಕ್ಕೆ ಹೋದರು. ಚಳಿಗಾಲದಲ್ಲಿ ಸ್ವೆಟರ್ ಮಾರಲು ಊರೂರು ಸುತ್ತುವವರೂ, ದೂರದೇಶದಲ್ಲಿ ಇರುವವರೂ ಹೊಸ ವರ್ಷದ ಲೊಸಾರ್‌ಗೆ ಇಲ್ಲಿಗೇ ಬರಲು ನೋಡುತ್ತಾರೆ.

ಬರುವುದಕ್ಕೂ ಕಾಗದ ಬೇಕು. ಕರ್ನಾಟಕದ ಟಿಬೆಟಿಯನ್ ವಸತಿಗಳಲ್ಲಿ ತಂಗಲು ವಿದೇಶಿಯರಿಗೆ ಕೇಂದ್ರ ಗೃಹ ಸಚಿವಾಲಯದ ವಿಶೇಷ ಪರವಾನಗಿ ಕಡ್ಡಾಯ. ಬೈಲಕುಪ್ಪೆಗೆ, ಮುಂಡಗೋಡಿಗೆ ಹೇಗೋ ಇಲ್ಲಿಗೂ ಹಾಗೆಯೇ. ಒಡೆಯರಪಾಳ್ಯದಲ್ಲೇ ಹುಟ್ಟಿ, ಕನ್ನಡ ಕಲಿತು, ಆಮೇಲೆ ಟೊರಾಂಟೊಗೆ ಹೋಗಿ ಅಲ್ಲಿನ ಪೌರತ್ವ ಪಡೆದ ಮಗಳೂ ಕಾನೂನಿನ ಕಣ್ಣಿಗೆ ವಿದೇಶಿಯೇ. ತಾಯಿಯ ಮನೆಯಲ್ಲಿ ಒಂದು ರಾತ್ರಿ ಮಲಗಬೇಕೆಂದರೂ ಅರ್ಜಿ ತುಂಬಿ, ಪಾಸ್‌ಪೋರ್ಟ್ ಪ್ರತಿ ಲಗತ್ತಿಸಿ, ಉತ್ತರಕ್ಕೆ ಕಾಯಬೇಕು. ಲೊಸಾರ್ ಬರುವುದು ಸಾಮಾನ್ಯವಾಗಿ ಫೆಬ್ರುವರಿ ಇಲ್ಲವೇ ಮಾರ್ಚ್‌ನಲ್ಲಿ. ಪಕ್ಕದ ಹಳ್ಳಿಗಳವರು ದೀಪಾವಳಿಗೆ ಮಾದಪ್ಪನ ಬೆಟ್ಟದ ಬಸ್ಸು ಹತ್ತುವ ಹೊತ್ತಿಗೆಲ್ಲ ಆ ಅರ್ಜಿ ಹಾಕಿಬಿಡುವುದು ಒಳ್ಳೆಯದು.