ಮಗುವಿನ ಕಣ್ಣೇಕೆ ಮಿಟುಕುತ್ತದೆ?

ಪರೀಕ್ಷೆ ಸಮೀಪಿಸಿದಂತೆಲ್ಲ
ಮಗುವು ಪದೇ ಪದೇ ಕಣ್ಣು ಮಿಟುಕಿಸುವುದನ್ನೂ,
ಹೆಗಲು ಕುಣಿಸುವುದನ್ನೂ
ತಾವು ಕಂಡಿರುವಿರಾ?

ಇದು ಹಟವಲ್ಲ, ದುರಭ್ಯಾಸವೂ ಅಲ್ಲ;
ವೈದ್ಯರು ಟಿಕ್ ಎನ್ನುವ ಈ ಚಲನೆಯು,
ಅಂಗಚಲನೆಯನ್ನಾಳುವ ಮಿದುಳಿನ ಜಾಲಗಳಲ್ಲಿ ಹುಟ್ಟಿ,
ಬಹುಮಟ್ಟಿಗೆ 4ರಿಂದ 6ನೆಯ ವಯಸ್ಸಿನಲ್ಲಿ ತಲೆದೋರಿ,
10ರಿಂದ 12ರ ವೇಳೆಗೆ ಉಲ್ಬಣಿಸಿ,
ಅನೇಕರಲ್ಲಿ ತಾರುಣ್ಯದೊಡನೆ ತಗ್ಗುವುದು.

ಹಾಗಾದರೆ ಮನಸ್ಸಿನ ಒತ್ತಡದ ಪಾತ್ರವೇನು?
ಬೂದಿ ಮುಚ್ಚಿದ ಕೆಂಡಕ್ಕೆ ಊದುಗೊಳವೆಯಂತೆ ಅದು:
ಕೆಂಡವನ್ನು ತಂದಿಟ್ಟುದಲ್ಲ,
ಇದ್ದುದನ್ನು ಪ್ರಜ್ವಲಿಸುವುದು.
ಆತಂಕವೊಂದೇ ಅಲ್ಲ,
ಹಬ್ಬದ ಸಂಭ್ರಮವೂ, ನಿದ್ರಾಭಂಗವೂ ಹಾಗೆಯೇ.

ಕೊಂಚಕಾಲ ಮಗುವು ಟಿಕ್ಕನ್ನು ತಡೆಹಿಡಿದೀತು;
ಆ ತಡೆಯೇ ಎಷ್ಟು ಆಯಾಸ!
ಅದರ ಮೇಲೆ "ನಿಲ್ಲಿಸು" ಎಂಬ ಗದರಿಕೆಯು
ಮತ್ತೊಂದು ಒತ್ತಡವೇ ಆಗುವುದು.
ಶಿಕ್ಷಕರಿಗೆ ತಿಳಿಯಹೇಳಿರಿ;
ಓದಿಗೂ ಆಟಕ್ಕೂ ಅಡ್ಡಿಯಾದರೆ
ಮಕ್ಕಳ ನರತಜ್ಞರನ್ನು ಕಾಣಿರಿ;
ಟಿಕ್ಕನ್ನು ಹತೋಟಿಯಲ್ಲಿಡಲು ಕಲಿಸುವ
ವರ್ತನಾ ಚಿಕಿತ್ಸೆಯುಂಟು.